ಏಳನೇ ತಿಂಗಳಿಗೆ ಗಡಿ ದಾಟುವ ಗರ್ಭಿಣಿ

ಕಾಸರಗೋಡು ಜಿಲ್ಲೆಯ ಪೆರ್ಲದ ಹುಡುಗಿಯನ್ನು ದಕ್ಷಿಣ ಕನ್ನಡದ ವಿಟ್ಲಕ್ಕೆ ಕೊಡುವುದು, ಸುಳ್ಯದವಳು ಮುಳ್ಳೇರಿಯಕ್ಕೆ ಸೊಸೆಯಾಗಿ ಬರುವುದು ನಮ್ಮ ಕಡೆ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಕೇರಳ-ಕರ್ನಾಟಕದ ಗಡಿ ಬಂದದ್ದು 1956ರ ನವೆಂಬರ್ 1ಕ್ಕೆ. ನೆಂಟಸ್ತಿಕೆ ಅದಕ್ಕಿಂತ ಬಹಳ ಹಿಂದಿನದು. ಬ್ರಹ್ಮಕಲಶ, ಯಕ್ಷಗಾನ, ಅಡಿಕೆ ವ್ಯಾಪಾರ ಎಲ್ಲವೂ ಗೆರೆಯ ಎರಡೂ ಬದಿ ಒಂದೇ ಎಂಬಂತೆ ನಡೆದುಕೊಂಡು ಬಂದಿದೆ. ಆ ಗೆರೆ ನಿಜವಾಗಿ ಕಣ್ಣಿಗೆ ಬೀಳುವುದು ಮನೆಯಲ್ಲಿ ಒಬ್ಬಳು ಬಸುರಿಯಾದಾಗ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬ ಕ್ರಮ ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದೆ. ಏಳನೇ ತಿಂಗಳಲ್ಲಿ ಸೀಮಂತ, ಹಸಿರು ಬಳೆ, ಹೂ ಮುಡಿಸುವುದು, ಆಮೇಲೆ ಒಳ್ಳೆಯ ದಿನ ನೋಡಿ ತವರಿಗೆ ಪಯಣ. ಹೆತ್ತ ಮೇಲೆ ಮೂರು ತಿಂಗಳು ಬಾಣಂತನ, ಅನುಕೂಲ ಇದ್ದರೆ ಐದು. ಗಂಡ ಗಲ್ಫಿನಲ್ಲಿದ್ದರೆ ಇನ್ನೂ ಜಾಸ್ತಿ. ಈ ಕ್ರಮವನ್ನು ಹಳೆಯ ಮೌಢ್ಯ ಎಂದು ತಳ್ಳಿಹಾಕುವವರ ಪೈಕಿ ನಾನಲ್ಲ. ಸೊಸೆಯಾಗಿ ದುಡಿಯುವ ಹೆಣ್ಣಿಗೆ ಕೇಳದೆಯೇ ಸಿಗುವ ರಜೆ ಇದೊಂದೇ. ತೊಡಕಿರುವುದು ಈ ಪ್ರಯಾಣ ಯಾವ ವಾರದಲ್ಲಿ ನಡೆಯುತ್ತದೆ ಎಂಬುದರಲ್ಲಿ.

ವಿಟ್ಲದಲ್ಲಿ ಗಂಡನ ಮನೆ, ಕಾಸರಗೋಡಿನ ಎಣ್ಮಕಜೆ ಪಂಚಾಯತಿನಲ್ಲಿ ತವರು ಇರುವ ಒಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂರನೇ ತಿಂಗಳಲ್ಲಿ ಅವಳ ಹೆಸರಿಗೆ, ಗರ್ಭಿಣಿಯ ತಪಾಸಣೆ ಬರೆದಿಡುವ ಕರ್ನಾಟಕದ ತಾಯಿ ಕಾರ್ಡ್ ಆಗುತ್ತದೆ. ಐದನೇ ತಿಂಗಳ ಸ್ಕ್ಯಾನಿಂಗ್ ಪುತ್ತೂರಿನಲ್ಲಿ. ಏಳು ತುಂಬಿ ತವರಿಗೆ ಬಂದಾಗ ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿ ಇನ್ನೊಂದು ಕಾರ್ಡ್, ಅದು ಮಲಯಾಳದಲ್ಲಿ. ಹೆರಿಗೆಗೆ ಮಂಗಳೂರು, ಅಲ್ಲಿ ಮೂರನೆಯ ಫೈಲು. ಕಾರ್ಡು ಎಷ್ಟಾದರೂ ಇರಲಿ, ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ದಾಟುತ್ತದೆಯೇ ಎಂಬುದು ಪ್ರಶ್ನೆ. ನಮ್ಮ ಗಡಿನಾಡಿನಲ್ಲಿ ತಾಯಿ-ಮಗುವಿನ ಆರೈಕೆಯ ಬಗ್ಗೆ ಮಾತು ಬಂದಾಗಲೆಲ್ಲ ಆಸ್ಪತ್ರೆ ಇಲ್ಲ, ಡಾಕ್ಟರಿಲ್ಲ ಎಂಬ ದೂರು ಮೊದಲು ಕೇಳುತ್ತದೆ. ಆ ದೂರಿನಲ್ಲಿ ಸತ್ಯವಿದೆ. ಆದರೆ ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಸರಿಮಾಡಬಹುದಾದ, ಅಷ್ಟೇ ಅಪಾಯಕಾರಿಯಾದ ತೂತು ಇನ್ನೊಂದಿದೆ: ಗಡಿ ದಾಟುವಾಗ ಗರ್ಭಿಣಿಯ ಚರಿತ್ರೆ ಹಿಂದೆಯೇ ಉಳಿದುಬಿಡುವುದು.

ಹತ್ತೊಂಬತ್ತು ಮತ್ತು ಅರವತ್ತೊಂಬತ್ತು

ಕೇಂದ್ರ ಸರಕಾರದ ಮಾದರಿ ನೋಂದಣಿ ವ್ಯವಸ್ಥೆಯ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ಕರ್ನಾಟಕದಲ್ಲಿ 69, ದೇಶದ ಸರಾಸರಿ 97. 2020ರ ಶಿಶು ಮರಣ ಪ್ರಮಾಣ ಸಾವಿರಕ್ಕೆ ಕೇರಳದಲ್ಲಿ 6, ಕರ್ನಾಟಕದಲ್ಲಿ 19, ದೇಶದಲ್ಲಿ 28. ಕಾಗದದ ಮೇಲೆ ನೋಡಿದರೆ ಕಾಸರಗೋಡಿನ ಬಸುರಿ ದೇಶದಲ್ಲೇ ಅತಿ ಸುರಕ್ಷಿತ ರಾಜ್ಯದವಳು. ವಾಸ್ತವದಲ್ಲಿ ನೋವು ಶುರುವಾದ ಕೂಡಲೇ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಾರುಗಳು ತಿರುಗುವುದು ಬಡಗು ದಿಕ್ಕಿಗೆ, ಅದೇ ಲೆಕ್ಕದಲ್ಲಿ ತಾಯಂದಿರ ಸಾವು ಮೂರು ಪಟ್ಟಿಗಿಂತಲೂ ಹೆಚ್ಚು ಇದ್ದ ರಾಜ್ಯದ ಕಡೆಗೆ.

ಇದು ವಿಚಿತ್ರವೆನಿಸಿದರೂ ಅವಿವೇಕವಲ್ಲ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮಂಗಳೂರೇ ಅದರ ಪೇಟೆ, ಕೋರ್ಟು, ಆಸ್ಪತ್ರೆ. ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಮಂಜೇಶ್ವರದಿಂದ ಮಂಗಳೂರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಕಾಸರಗೋಡು ಪೇಟೆಯಿಂದ ಐವತ್ತು. ಕಣ್ಣೂರಿನ ಪರಿಯಾರಂ ಮೆಡಿಕಲ್ ಕಾಲೇಜು ಮಂಜೇಶ್ವರದವರಿಗೆ ಅದಕ್ಕಿಂತ ಎಷ್ಟೋ ದೂರ. ದೇರಳಕಟ್ಟೆ, ಕಂಕನಾಡಿ, ಅತ್ತಾವರ ಎಂದರೆ ನಮ್ಮವರಿಗೆ ಬಡಾವಣೆಯ ಹೆಸರಲ್ಲ, ಆಸ್ಪತ್ರೆಯ ಹೆಸರು. ಬಡವರಿಗೆ ಸರಕಾರಿ ಹೆರಿಗೆ ಆಸ್ಪತ್ರೆ ಲೇಡಿ ಗೋಶನ್ ಇದೆ. ಇನ್ನು ನಮ್ಮದೇ ಮೆಡಿಕಲ್ ಕಾಲೇಜಿನ ಕತೆ: ಬದಿಯಡ್ಕ ಸಮೀಪದ ಉಕ್ಕಿನಡ್ಕದಲ್ಲಿ 2013ರ ನವೆಂಬರ್ 30ರಂದು ಅದಕ್ಕೆ ಶಿಲಾನ್ಯಾಸವಾಯಿತು. 2020ರ ಏಪ್ರಿಲಿನಲ್ಲಿ ಕೊರೋನಾ ಆಸ್ಪತ್ರೆಯಾಗಿ ಅವಸರದಲ್ಲಿ ಬಾಗಿಲು ತೆರೆಯಿತು. ಐವತ್ತು ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಆ ಹನ್ನೆರಡು ವರ್ಷಗಳಲ್ಲಿ ಈ ಕಡೆ ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿಯ ಜನನ ಪ್ರಮಾಣಪತ್ರದಲ್ಲಿ ಮಂಗಳೂರಿನ ಹೆಸರಿದೆ ಎಂದು ಯಾವ ಶಾಲೆಯ ದಾಖಲೆ ಪುಸ್ತಕ ತೆರೆದರೂ ಗೊತ್ತಾಗುತ್ತದೆ.

ಜನನ ಎಲ್ಲಿ ನಡೆಯಿತೋ ಅಲ್ಲೇ ನೋಂದಣಿ, ಇದು 1969ರ ಕಾಯ್ದೆಯ ನಿಯಮ. ಸಾವಿಗೂ ಅದೇ. ಹಾಗಾಗಿ ಕಾಸರಗೋಡಿನ ತಾಯಿಯೊಬ್ಬಳು ಮಂಗಳೂರಿನ ಹಾಸಿಗೆಯಲ್ಲಿ ತೀರಿಕೊಂಡರೆ ಮೊದಲ ಕಡತ ಹುಟ್ಟುವುದು ಕರ್ನಾಟಕದಲ್ಲಿ. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಒಂದು ಒಳ್ಳೆಯ ಕೆಲಸ ಮಾಡಿಕೊಂಡು ಬಂದಿದೆ. ತಾಯಂದಿರ ಪ್ರತಿ ಸಾವಿನ ಕಡತವನ್ನು ಹೆಸರು, ಊರು, ಆಸ್ಪತ್ರೆ ಎಲ್ಲ ಅಳಿಸಿ ತಜ್ಞರ ಮುಂದಿಟ್ಟು, ಎಲ್ಲಿ ತಪ್ಪಿತು ಎಂದು ಹುಡುಕುವ ಗೋಪ್ಯ ಪರಿಶೀಲನೆ. ಯಾರನ್ನೂ ಶಿಕ್ಷಿಸುವುದಕ್ಕಲ್ಲ, ಕಲಿಯುವುದಕ್ಕೆ. ಅದರಲ್ಲಿ ಮೊದಲ ಸಾಲಿಗೆ ಬಂದ ಕಾರಣಗಳು ಹೆರಿಗೆಯ ಹೊತ್ತಿನ ರಕ್ತಸ್ರಾವ ಮತ್ತು ರಕ್ತದೊತ್ತಡ. ಇವೆರಡಕ್ಕೂ ಏನು ಮಾಡಬೇಕು ಎಂದು 2012-13ರಲ್ಲಿ ಚಿಕಿತ್ಸೆಯ ಮಾನದಂಡ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಜತೆ ಕೂತು ಗುಣಮಟ್ಟದ ನಿಯಮಗಳನ್ನೂ ರೂಪಿಸಿದರು. ಕೇರಳದ ಅಂಕಿಯ ಹಿಂದೆ ಇಂಥ ಶ್ರಮವಿದೆ. ಗಡಿಯಾಚೆ ಸಂಭವಿಸಿದ ಸಾವು ಈ ಕಲಿಕೆಯೊಳಕ್ಕೆ ಬರಬೇಕಾದರೆ ಎರಡು ರಾಜ್ಯಗಳ ಎರಡು ಜಿಲ್ಲಾ ಕಚೇರಿಗಳು ಪತ್ರ ಬರೆದುಕೊಳ್ಳಬೇಕು. ಸಾವಾದ ಜಿಲ್ಲೆ ವಾಸದ ಜಿಲ್ಲೆಗೆ ತಿಳಿಸಬೇಕೆಂಬ ಕ್ರಮವೇನೋ ಇದೆ. ಪತ್ರ ಹೋದರೂ, ಏಳು ತಿಂಗಳ ಆರೈಕೆ ಒಂದು ಕಡೆ, ಕೊನೆಯ ದಿನ ಇನ್ನೊಂದು ಕಡೆ ಆದಾಗ ಎಲ್ಲಿ ತಪ್ಪಿತೆಂದು ಪೂರ್ತಿಯಾಗಿ ಹೇಳಬಲ್ಲವರು ಯಾರು?

ಇಪ್ಪತ್ತೆಂಟನೇ ವಾರ

ಸೀಮಂತದ ಏಳನೇ ತಿಂಗಳೆಂದರೆ ವೈದ್ಯರ ಲೆಕ್ಕದಲ್ಲಿ ಇಪ್ಪತ್ತೆಂಟನೇ ವಾರದ ಅಕ್ಕಪಕ್ಕ. ಆ ವಾರದ ಸುತ್ತ ಏನೇನು ನಡೆಯಬೇಕು ಎಂದು ನೋಡಿದರೆ, ತವರಿನ ಪ್ರಯಾಣ ಎಂಥ ಆಯಕಟ್ಟಿನ ಜಾಗದಲ್ಲಿ ಬಂದು ಕೂತಿದೆ ಎಂಬುದು ತಿಳಿಯುತ್ತದೆ.

ಮೊದಲು ಬಿಪಿ, ಯಾಕೆಂದರೆ ಸದ್ದಿಲ್ಲದೆ ಬರುವುದು ಅದೇ. ಗರ್ಭಿಣಿಯ ರಕ್ತದೊತ್ತಡ ಮಧ್ಯದ ತಿಂಗಳುಗಳಲ್ಲಿ ಸ್ವಲ್ಪ ಇಳಿದು, ಕೊನೆಯ ಮೂರು ತಿಂಗಳಲ್ಲಿ ಮತ್ತೆ ಏರುತ್ತದೆ. ಇಪ್ಪತ್ತು ವಾರದ ನಂತರ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಪ್ರಿ-ಎಕ್ಲಾಂಪ್ಸಿಯಾ. 160/110 ದಾಟಿದರೆ ಅದೇ ದಿನ ದಾಖಲು ಮಾಡಬೇಕಾದ ಸ್ಥಿತಿ. ಮುಂದೆ ಫಿಟ್ಸ್ ಬರಬಹುದು, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು, ಮಗುವಿನ ಬೆಳವಣಿಗೆ ಒಳಗೇ ನಿಲ್ಲಬಹುದು. ಇದಕ್ಕೆ ಪೂರ್ಣ ಔಷಧ ಹೆರಿಗೆಯೊಂದೇ. ಫಿಟ್ಸ್ ತಡೆಯಲು ಕೊಡುವ ಮೆಗ್ನೀಸಿಯಂ ಸಲ್ಫೇಟ್ ಹಳೆಯ, ಅಗ್ಗದ ಮದ್ದು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಜೀವ ಉಳಿಸುತ್ತದೆ.

ಈಗ ಆ ಎಣ್ಮಕಜೆಯ ಹುಡುಗಿ ಹೊಸ ಕೇಂದ್ರಕ್ಕೆ ಬಂದಾಗ ಸಿಸ್ಟರ್ ಬಿಪಿ ನೋಡುತ್ತಾರೆ: 136/86. 140/90ರ ಕೆಳಗಿದೆ. "ಪರವಾಗಿಲ್ಲ, ಮುಂದಿನ ತಿಂಗಳು ಬಾ." ಆದರೆ ಗಂಡನ ಮನೆಯ ಕಪಾಟಿನಲ್ಲಿ ಉಳಿದ ತಾಯಿ ಕಾರ್ಡಿನಲ್ಲಿ ಹನ್ನೆರಡನೇ ವಾರದ ಬಿಪಿ 100/60 ಎಂದು ಬರೆದಿದ್ದರೆ? ಆಗ 136/86 ಎಂಬುದಕ್ಕೆ ಅರ್ಥವೇ ಬೇರೆ. ಬರೇ ಏರಿಕೆಯನ್ನೇ ಕಾಯಿಲೆ ಎಂದು ಕರೆಯುವ ಪದ್ಧತಿ ಈಗ ಇಲ್ಲ, ಸರಿ. ಆದರೂ ಅಷ್ಟು ಏರಿದವಳನ್ನು ತಿಂಗಳು ಬಿಟ್ಟು ಬಾ ಎಂದು ಯಾವ ಅನುಭವಿ ಪ್ರಸೂತಿ ವೈದ್ಯರೂ ಕಳಿಸುವುದಿಲ್ಲ. ಮೂರ್ನಾಲ್ಕು ದಿನದಲ್ಲೋ ವಾರದಲ್ಲೋ ಕರೆಸುತ್ತಾರೆ, ಮೂತ್ರ ನೋಡುತ್ತಾರೆ. ಒಂದು ಹಳೆಯ ಅಂಕಿ ಕಣ್ಣೆದುರು ಇದ್ದದ್ದಕ್ಕೂ ಇಲ್ಲದ್ದಕ್ಕೂ ಅಷ್ಟು ವ್ಯತ್ಯಾಸ.

ಮನೆಯಲ್ಲಿ ಇದರ ಲಕ್ಷಣ ಹೇಗೆ ಮಾತಾಗಿ ಬರುತ್ತದೆ ಎಂಬುದನ್ನೂ ನೋಡಬೇಕು. ಮಗಳು ಹೇಳುತ್ತಾಳೆ, "ಅಮ್ಮ, ಎದೆಗುಂಡಿಯ ಕೆಳಗೆ ಎಂತದೋ ಹಿಡ್ಕೊಂಡ ಹಾಗೆ ಆಗ್ತದೆ." ಅಮ್ಮ ಹೇಳುತ್ತಾಳೆ, "ಗ್ಯಾಸ್ ಮಾರಾಯ್ತಿ, ಹಲಸಿನಕಾಯಿ ಪಲ್ಯ ತಿಂದದ್ದಲ್ವಾ? ಸ್ವಲ್ಪ ಓಮದ ನೀರು ಕುಡಿ." ಹತ್ತರಲ್ಲಿ ಒಂಬತ್ತು ಸಲ ಅಮ್ಮನ ಮಾತೇ ಸರಿ ಇರಬಹುದು. ಆದರೆ ಎಂಟನೇ ತಿಂಗಳಿನಲ್ಲಿ ಪಕ್ಕೆಲುಬಿನ ಕೆಳಗೆ, ಬಲಬದಿಗೆ ಅಥವಾ ನಡುವೆ ಹಿಡಿದುಕೊಳ್ಳುವ ನೋವು ಪಿತ್ತಜನಕಾಂಗ ಊದಿಕೊಂಡಿರುವುದರ ಸೂಚನೆಯೂ ಆಗಿರಬಹುದು. ಜತೆಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬೆಳಗ್ಗೆ ಎದ್ದಾಗ ಮುಖ ಊದಿರುವುದು, ಬೆರಳಿನ ಉಂಗುರ ಹಠಾತ್ತನೆ ಬಿಗಿಯಾಗುವುದು ಇದ್ದರೆ ಓಮದ ನೀರಿನ ಹೊತ್ತಲ್ಲ ಅದು. ಬಿಪಿ ನೋಡಿಸಲು ಹತ್ತು ನಿಮಿಷ ಸಾಕು. ಇನ್ನೊಂದು ಮಾತು: ಈ ಕಾಯಿಲೆ ಹೆರಿಗೆಯಾದ ಮೇಲೂ, ಆರು ವಾರದೊಳಗೆ, ಕಾಣಿಸಿಕೊಳ್ಳಬಹುದು. ಬಾಣಂತಿಗೆ ತಲೆನೋವು ಎಂದರೆ ನಮ್ಮಲ್ಲಿ ಮೊದಲು ಸಿಗುವ ಉತ್ತರ, "ತಲೆಗೆ ಮಿಂದದ್ದು ಸರಿಯಾಗಿ ಆರಲಿಲ್ಲ."

ಅಪಾಯ ಇರುವವರನ್ನು ಮೊದಲೇ ಗುರುತಿಸಿದರೆ, ಅಂದರೆ ಹಿಂದಿನ ಬಸುರಿಯಲ್ಲಿ ಬಿಪಿ ಬಂದವರು, ಅವಳಿ ಮಕ್ಕಳಿರುವವರು, ಮೊದಲಿಂದಲೇ ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ, ಹನ್ನೆರಡರಿಂದ ಹದಿನಾರನೇ ವಾರದೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ. ಇದನ್ನು ವೈದ್ಯರು ಹೇಳಿಯೇ ತೆಗೆದುಕೊಳ್ಳಬೇಕು. ಗಂಡನ ಊರಿನಲ್ಲಿ ಶುರುವಾದ ಆ ಮಾತ್ರೆ ತವರಿಗೆ ಬಂದಾಗ "ಇದು ಹಾರ್ಟಿನವರ ಮಾತ್ರೆ ಅಲ್ವಾ" ಎಂದು ನಿಂತುಹೋಗುವ ಸಂಭವ ಉಂಟು.

ಸಕ್ಕರೆಯದ್ದು ಇನ್ನೊಂದು. ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ ಪ್ರತಿ ಗರ್ಭಿಣಿಗೂ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ ಪರೀಕ್ಷೆ ಆಗಬೇಕು. 75 ಗ್ರಾಂ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಎರಡು ಗಂಟೆಯ ಮೇಲೆ ರಕ್ತ ನೋಡುವುದು. 140 ಮುಟ್ಟಿದರೆ ಗರ್ಭಾವಸ್ಥೆಯ ಮಧುಮೇಹ. ಊಟ ಬಿಟ್ಟು ಬರಬೇಕಾದ ಪರೀಕ್ಷೆ ಅಲ್ಲ ಇದು, ಊಟ ಮಾಡಿದ್ದರೂ ನಡೆಯುತ್ತದೆ. ಎರಡನೆಯ ಪರೀಕ್ಷೆಯ ಗಡುವು ನೋಡಿ: ಸೀಮಂತದ ಗಡಿಬಿಡಿ, ಸೀರೆ, ಊಟದ ಏರ್ಪಾಡು, ಪ್ರಯಾಣ ಎಲ್ಲ ಅದೇ ನಾಲ್ಕು ವಾರಗಳಲ್ಲಿ. "ಅಲ್ಲಿ ಹೋಗಿ ಮಾಡಿಸಿದರಾಯಿತು" ಎಂದು ಇವರು, "ಅಲ್ಲೇ ಮಾಡಿಸಿ ಬಂದಿರಬೇಕು" ಎಂದು ಅವರು. ಸಕ್ಕರೆ ತಿಳಿಯದೆ ಹೋದರೆ ಮಗು ಅತಿ ದಪ್ಪವಾಗಿ ಹೆರಿಗೆ ಕಷ್ಟವಾಗಬಹುದು, ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ದಿಢೀರ್ ಇಳಿಯಬಹುದು. ತವರಿಗೆ ಬಂದವಳಿಗೆ ನಮ್ಮವರು ಮಾಡುವ ಉಪಚಾರವಂತೂ ಗೊತ್ತೇ ಇದೆ: ಹೋಳಿಗೆ, ಪಾಯಸ, ತುಪ್ಪ, ಬಯಕೆಯ ಹೆಸರಿನಲ್ಲಿ ನೆಂಟರ ಮನೆ ಮನೆಯ ಊಟ.

ರಕ್ತದ ಗುಂಪು ನೆಗೆಟಿವ್ ಇದ್ದು ಗಂಡನದ್ದು ಪಾಸಿಟಿವ್ ಆದರೆ ಆಂಟಿ-ಡಿ ಚುಚ್ಚುಮದ್ದು ಬೇಕು. ಅದರ ಮೊದಲ ಡೋಸ್ ಇಪ್ಪತ್ತೆಂಟನೇ ವಾರಕ್ಕೇ. ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಮತ್ತೊಂದು. ತಪ್ಪಿದರೆ ಈ ಮಗುವಿಗಿಂತ ಮುಂದಿನ ಮಗುವಿಗೆ ಅಪಾಯ ಜಾಸ್ತಿ, ಆದ್ದರಿಂದ ತಪ್ಪಿದ್ದು ಯಾರ ಗಮನಕ್ಕೂ ಬರದೆ ವರ್ಷಗಟ್ಟಲೆ ಉಳಿಯುತ್ತದೆ.

ದಿನಾಂಕದ ವಿಚಾರವನ್ನು ಜನ ಅಷ್ಟಾಗಿ ಲೆಕ್ಕಿಸುವುದಿಲ್ಲ, ಆದರೆ ಇದು ದೊಡ್ಡದು. ಹೆರಿಗೆಯ ತಾರೀಕನ್ನು ಸರಿಯಾಗಿ ಹೇಳುವುದು ಮೊದಲ ಮೂರು ತಿಂಗಳಿನ ಸ್ಕ್ಯಾನಿಂಗ್. ಅದರಲ್ಲಿ ಹೆಚ್ಚುಕಡಿಮೆ ಆದರೆ ಒಂದು ವಾರದೊಳಗೆ. ಎಂಟನೇ ತಿಂಗಳಿನ ಸ್ಕ್ಯಾನಿಂಗ್ ಮೂರು ವಾರದವರೆಗೆ ತಪ್ಪಬಹುದು. ಆ ಮೊದಲ ರಿಪೋರ್ಟ್ ವಿಟ್ಲದಲ್ಲಿ ಉಳಿದು, ಮಂಗಳೂರಿನ ವೈದ್ಯರ ಕೈಗೆ ಕೊನೆಯದ್ದು ಮಾತ್ರ ಸಿಕ್ಕಿದರೆ ಮಗು ನಿಜವಾಗಿ ಬೆಳೆದಿಲ್ಲವೋ, ದಿನವೇ ತುಂಬಿಲ್ಲವೋ ಎಂದು ನಿರ್ಧರಿಸುವುದು ಹೇಗೆ? ಅನುಮಾನ ಬಂದಾಗ ಕೈ ಸಿಸೇರಿಯನ್ ಕಡೆಗೇ ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ದೇಶದಲ್ಲಿ ಶೇ. 21.5, ಕರ್ನಾಟಕದಲ್ಲಿ ಶೇ. 31.5, ಕೇರಳದಲ್ಲಿ ಶೇ. 38.9. ಇದಕ್ಕೆ ಹತ್ತು ಕಾರಣಗಳಿವೆ. ಗಡಿಭಾಗದಲ್ಲಿ ಹನ್ನೊಂದನೆಯದಾಗಿ ದೂರವೂ ಸೇರುತ್ತದೆ ಎಂಬುದು ನನ್ನ ಅನಿಸಿಕೆ: ರಾತ್ರಿ ನೋವು ಬಂದರೆ ದೇಲಂಪಾಡಿಯಿಂದ ಮಂಗಳೂರಿಗೆ ಹೋಗುವುದು ಯಾರು, "ಡೇಟ್ ಫಿಕ್ಸ್ ಮಾಡಿಬಿಡಿ ಡಾಕ್ಟ್ರೇ" ಎಂದು ಮನೆಯವರೇ ಕೇಳುತ್ತಾರೆ.

ರಕ್ತ: ಇರುವುದು, ಹೋಗುವುದು

ಅದೇ ಸಮೀಕ್ಷೆಯಲ್ಲಿ ರಕ್ತಹೀನತೆ ಇರುವ ಗರ್ಭಿಣಿಯರು ದೇಶದಲ್ಲಿ ಶೇ. 52.2, ಕರ್ನಾಟಕದಲ್ಲಿ ಶೇ. 45.7, ಕೇರಳದಲ್ಲಿ ಶೇ. 31.4. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಾದರೆ ತೀವ್ರ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಎಂಬುದು ಸರಕಾರದ ಕ್ರಮ. ಮಾತ್ರೆ ಎರಡೂ ರಾಜ್ಯದಲ್ಲಿ ಪುಕ್ಕಟೆ. ಆದರೆ ಊಟವಾದ ಕೂಡಲೇ ಕಬ್ಬಿಣದ್ದನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿ, ಮೇಲೊಂದು ಗ್ಲಾಸು ಚಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಅಷ್ಟಕ್ಕಷ್ಟೇ. ಎರಡರ ಮಧ್ಯೆ ಕೆಲವು ಗಂಟೆ ಅಂತರ, ಚಾಕ್ಕೂ ಅಂತರ, ಸಾಧ್ಯವಾದರೆ ಜತೆಗೊಂದು ಲಿಂಬೆ ಶರಬತ್ತು. ಇಷ್ಟನ್ನು ಅರ್ಥವಾಗುವ ಮಾತಿನಲ್ಲಿ ಹೇಳುವವರು ಬೇಕು.

ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವ ಎರಡು ಗಂಟೆಯಲ್ಲಿ ಪ್ರಾಣ ತೆಗೆಯಬಲ್ಲದು. ಮಗು ಹೊರಬಂದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಚುಚ್ಚುಮದ್ದು, ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳದೆ ಅಳತೆಯ ಚೀಲದಲ್ಲಿ ನೋಡುವುದು, ಹೆಚ್ಚಾದರೆ ಗರ್ಭಕೋಶ ತಿಕ್ಕುವುದು, ಮದ್ದು, ಡ್ರಿಪ್ಸ್ ಎಲ್ಲವನ್ನೂ ಒಟ್ಟಿಗೆ ಶುರುಮಾಡುವುದು. 2023ರಲ್ಲಿ ಪ್ರಕಟವಾದ, ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಎಂಬ ದೊಡ್ಡ ಅಧ್ಯಯನದಲ್ಲಿ ಹೀಗೆ ಮಾಡಿದ್ದರಿಂದಲೇ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇ. 60ರಷ್ಟು ಇಳಿಯಿತು. ಅಲ್ಲಿ ದೊಡ್ಡ ಯಂತ್ರ ಯಾವುದೂ ಇರಲಿಲ್ಲ. ಕೊನೆಗೆ ಕೆಲಸಕ್ಕೆ ಬರುವುದು ಕ್ರಮ, ಅಭ್ಯಾಸ ಮತ್ತು ಹತ್ತಿರ. ಹತ್ತಿರದಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಹೆರಿಗೆ ಮಾಡಿಸಬಲ್ಲ ಸರಕಾರಿ ಆಸ್ಪತ್ರೆ ಮಂಜೇಶ್ವರ ತಾಲೂಕಿನಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂಬ ಬೇಡಿಕೆಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಡ.

2020ರ ಮಾರ್ಚಿನಲ್ಲಿ ಏನಾಯಿತೆಂದು ನೆನಪಿರುವವರಿಗೆ ಇದನ್ನು ವಿವರಿಸುವ ಅಗತ್ಯವೂ ಇಲ್ಲ. ಕೊರೋನಾದ ಭಯಕ್ಕೆ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದರು. ತಲಪಾಡಿಯಲ್ಲಿ ತಡೆದ ಮೇಲೆ ವಲಸೆ ಕಾರ್ಮಿಕ ಕುಟುಂಬದ ಹೆಂಗಸೊಬ್ಬಳಿಗೆ ಆಂಬುಲೆನ್ಸಿನಲ್ಲೇ ಹೆರಿಗೆಯಾದ ಸುದ್ದಿ ಬಂತು. ಮಂಗಳೂರು ತಲುಪಲಾಗದೆ ರೋಗಿಗಳು ತೀರಿಕೊಂಡರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ತಡೆ ತೆಗೆಯಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಕೊನೆಗೆ ತುರ್ತು ರೋಗಿಗಳನ್ನು ಬಿಡುವುದಕ್ಕೆ ಒಂದು ಕ್ರಮ ಎಂದಾಯಿತು. ಈಗ ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಇದೆ, ಕಾರು ಸರಾಗ ಓಡುತ್ತದೆ. ಸರಾಗ ಓಡುತ್ತದೆ ಎಂಬ ಕಾರಣಕ್ಕೆ ಇಲ್ಲಿನ ಆಸ್ಪತ್ರೆಯ ಬೇಡಿಕೆ ಮೆತ್ತಗಾಗದಿದ್ದರೆ ಸಾಕು.

ಭಾಷೆ ಮತ್ತು ಭಯ

ಕಾಸರಗೋಡಿನ ಕನ್ನಡದ ಪ್ರಶ್ನೆಯನ್ನು ನಾವು ಶಾಲೆ, ಬೋರ್ಡು, ನೇಮಕಾತಿಯ ಸುತ್ತಲೇ ಚರ್ಚಿಸುತ್ತೇವೆ. ಪ್ರಸೂತಿ ಕೋಣೆಯಲ್ಲಿ ಅದರ ತೂಕ ಬೇರೆಯೇ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ನರ್ಸಿಗೆ ತುಳು, ಕನ್ನಡ, ಮರಾಟಿ ಬಾರದು; ಒಳಗಿನ ಊರಿನ ಹುಡುಗಿಗೆ ಪೇಟೆಯ ಮಲಯಾಳ ಅಷ್ಟಾಗಿ ಬಾರದು. ನರ್ಸ್ ಭಾಷೆ ಕಲಿಯುವ ಹೊತ್ತಿಗೆ ಮತ್ತೆ ವರ್ಗ. ನೋವು, ಜ್ವರ ಇಂಥವನ್ನು ಕೈಸನ್ನೆಯಲ್ಲಿ ದಾಟಿಸಬಹುದು. "ನಿನ್ನೆಯಿಂದ ಮಗು ಮಿಸುಕಾಡುವುದು ಕಡಿಮೆಯಾಗಿದೆ" ಎಂಬುದನ್ನು ದಾಟಿಸುವುದು ಕಷ್ಟ. ಬಾಣಂತಿಯ ಮನಸ್ಸು ಕುಗ್ಗಿದೆಯೇ ಎಂದು ಕೇಳುವ ಕಾರ್ಯಕ್ರಮ ಕೇರಳದಲ್ಲಿ ಇದೆ, ಒಳ್ಳೆಯದೇ. ಆದರೆ "ಮಗು ಮಲಗಿದಾಗಲೂ ನಿನಗೆ ನಿದ್ದೆ ಬರುವುದಿಲ್ಲವಾ, ಯಾಕೆ ಬದುಕಬೇಕು ಅನ್ನಿಸುತ್ತದಾ" ಎಂದು ಅವಳದಲ್ಲದ ಭಾಷೆಯಲ್ಲಿ, ಅತ್ತೆಯೋ ಅಮ್ಮನೋ ಪಕ್ಕದಲ್ಲಿ ನಿಂತಿರುವಾಗ ಕೇಳಿದರೆ ಬರುವ ಉತ್ತರ ಒಂದೇ: "ಎಂತ ಇಲ್ಲ."

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕದ ಕಡೆ ಇದಕ್ಕೆ ಇನ್ನೊಂದು ಭಯವೂ ಸೇರುತ್ತದೆ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು, ಅದು ನಿಂತದ್ದು 2000ದ ಹೊತ್ತಿಗೆ. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ದೇಶವ್ಯಾಪಿ ತಡೆ ಹೇರಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಸಿಂಪಡಣೆಯ ಕಾಲದಲ್ಲಿ ಮಕ್ಕಳಾಗಿದ್ದವರು ಈಗ ತಾಯಂದಿರು. ಪ್ರತಿ ಗರ್ಭಪಾತವನ್ನೂ ವಿಷದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಹಾಗೆಂದು ಬಸುರಿಯೊಬ್ಬಳು "ನನ್ನ ಮಗುವಿಗೆ ಏನೂ ಆಗುವುದಿಲ್ಲ ತಾನೇ" ಎಂದು ಕೇಳಿದರೆ ಅದನ್ನು ಮೂಢಭಯ ಎಂದು ನಗುವುದಂತೂ ಸಲ್ಲದು. ಅವಳಿಗೆ ಕೊಡಬಹುದಾದ ನೇರ ಉತ್ತರ ಹದಿನೆಂಟರಿಂದ ಇಪ್ಪತ್ತನೇ ವಾರದ ವಿವರವಾದ ಸ್ಕ್ಯಾನಿಂಗ್, ಅದೂ ಹೊತ್ತಿಗೆ ಸರಿಯಾಗಿ. ಯಾಕೆಂದರೆ ಗಂಭೀರ ತೊಂದರೆ ಕಂಡರೆ ಮುಂದಿನ ದಾರಿಗೆ ಕಾನೂನಿನ ಗಡುವಿದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದರೆ ರಾಜ್ಯದ ವೈದ್ಯಕೀಯ ಮಂಡಳಿ ತೀರ್ಮಾನಿಸಬೇಕು. ಸ್ಕ್ಯಾನಿಂಗ್ ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ ಇದ್ದವರಿಗೆ ಯಾವ ಮಂಡಳಿ ಎಂದು ಕೇಳಿಕೊಂಡು ಅಲೆಯುವುದರಲ್ಲೇ ವಾರಗಳು ಕಳೆಯಬಹುದು.

ಯಾರ ಆಶಾ?

ದುಡ್ಡಿನ ವಿಷಯದಲ್ಲಿ ಗಡಿ ಅಡ್ಡಿಯಾಗಬಾರದು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಹೆರುವ ಪ್ರತಿಯೊಬ್ಬಳಿಗೂ ಹೆರಿಗೆ, ಸಿಸೇರಿಯನ್, ಮದ್ದು, ರಕ್ತ, ಊಟ, ವಾಹನ ಎಲ್ಲ ಪುಕ್ಕಟೆ. ಕಾಯಿಲೆ ಬಿದ್ದ ನವಜಾತ ಶಿಶುವಿಗೂ ಹಾಗೆಯೇ. "ನೀವು ಕೇರಳದವರು" ಎನ್ನುವುದು ಅದಕ್ಕೆ ಹೊರತಾದ ಕಾರಣವಲ್ಲ. ಖಾಸಗಿ ಆಸ್ಪತ್ರೆಯಲ್ಲಿ ನಡೆಯುವ ರಾಜ್ಯ ವಿಮಾ ಕಾರ್ಡುಗಳ ಮಾತು ಬೇರೆ. ದಾಖಲಾಗುವ ಮೊದಲೇ ಫೋನು ಮಾಡಿ ವಿಚಾರಿಸಿಕೊಳ್ಳದಿದ್ದರೆ ಬಿಲ್ಲಿನ ಕೌಂಟರಿನಲ್ಲಿ ಆಘಾತ ಖಚಿತ.

ತೊಡಕು ಬರುವುದು ಮನೆಗೆ ಬಂದ ಮೇಲೆ. ಆಸ್ಪತ್ರೆಯಲ್ಲಿ ಹೆತ್ತು ಬಂದವಳ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಹೋಗಿ ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಳದಿ, ಎದೆಹಾಲು ನೋಡಬೇಕು. ತಾಯಿಯ ಜ್ವರ, ರಕ್ತಸ್ರಾವ ವಿಚಾರಿಸಬೇಕು. ಇಷ್ಟೂ ಭೇಟಿಗೆ ಅವರಿಗೆ ಸಿಗುವುದು 250 ರೂಪಾಯಿ. ಹೆಸರು ವಿಟ್ಲದ ಆಶಾ ಪಟ್ಟಿಯಲ್ಲಿ, ಮಗು ಎಣ್ಮಕಜೆಯ ತೊಟ್ಟಿಲಲ್ಲಿ. ಅವರು ಹೋಗಲಾರರು, ಇವರಿಗೆ ಮಾಹಿತಿಯೇ ಇಲ್ಲ. ಇಲ್ಲಿನವರು ವಿಚಾರ ತಿಳಿದು ಹೋದರೂ ಅದು ಅವರ ಲೆಕ್ಕಕ್ಕೆ ಬೀಳಬೇಕಾದರೆ ಹೆಸರು ಮತ್ತೆ ಏರಿಸಬೇಕು. ಆಗ ಏಳು ಸಾವಿರ ರೂಪಾಯಿ ಇದ್ದ ಗೌರವಧನವನ್ನು 21 ಸಾವಿರಕ್ಕೆ ಏರಿಸಿ ಎಂದು 2025ರ ಫೆಬ್ರವರಿ 10ರಿಂದ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಕೂತವರು ಇದೇ ಆಶಾಗಳು. ಹೀಗಿರುವಾಗ ಲೆಕ್ಕಕ್ಕೆ ಬಾರದ ಮನೆಗೂ ಹೋಗಿ ಎಂದು ಅವರ ಒಳ್ಳೆಯತನವನ್ನೇ ನಂಬಿ ಕೂರುವುದು ಆಡಳಿತವಾಗುವುದಿಲ್ಲ.

ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಈ ಭೇಟಿಗಳು ಹೆಚ್ಚು ಬೇಕು. ಅಂಥ ಮಗುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಗಂಟೆಗಟ್ಟಲೆ ಕಟ್ಟಿಕೊಳ್ಳುವುದು, ಎದೆಹಾಲೊಂದನ್ನೇ ಕೊಡುವುದು, ಇದಕ್ಕೆ ಸಮನಾದ ಉಪಚಾರ ಇಲ್ಲ. ನಮ್ಮಲ್ಲಿ ಬಾಣಂತಿಯನ್ನೂ ಮಗುವನ್ನೂ ಎಣ್ಣೆ ಹಚ್ಚಿ ಮೀಯಿಸಲು ತೋರುವ ಉತ್ಸಾಹದಲ್ಲಿ ಕಾಲುಭಾಗ ಇದಕ್ಕೆ ಬಂದರೂ ಸಾಕು. ಸಣ್ಣ ಮಗುವಿಗೆ ಮೊದಲ ದಿನಗಳಲ್ಲಿ ಮೀಯಿಸುವುದು ಬೇಡ, ಮೈ ತಣ್ಣಗಾಗುತ್ತದೆ. ಬಾಣಂತಿಗೆ ನೀರು ಕೊಡಬಾರದು, ತರಕಾರಿ ಬೇಡ ಎಂಬ ಪಥ್ಯವನ್ನೂ ಬಿಡಬಹುದು. ಮೆಂತೆ ಗಂಜಿ ಇರಲಿ.

ಲಸಿಕೆಯಲ್ಲಿ ಈಚೆಗೆ ದಾರಿ ಸ್ವಲ್ಪ ಸರಿಯಾಗಿದೆ. ಹುಟ್ಟಿದಾಗಿನದ್ದು ಮಂಗಳೂರಿನಲ್ಲಿ, ಆರನೇ ವಾರದ್ದು ತವರಿನಲ್ಲಿ, ಹದಿನಾಲ್ಕನೇ ವಾರದ್ದು ಗಂಡನ ಮನೆಯಲ್ಲಿ ಎಂಬಂಥ ಮಗುವಿಗೆ ಯು-ವಿನ್ ಎಂಬ ದೇಶವ್ಯಾಪಿ ಡಿಜಿಟಲ್ ವ್ಯವಸ್ಥೆಯಲ್ಲಿ ಎಲ್ಲಿ ಹಾಕಿಸಿದರೂ ಒಂದೇ ದಾಖಲೆ ಎಂಬುದು ಉದ್ದೇಶ. ಲಸಿಕೆಗೆ ಮಾಡಿದ್ದನ್ನು ಗರ್ಭಿಣಿಯ ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ನಿಗೆ ಮಾಡಲಾಗದೆ? ಗರ್ಭಿಣಿಯ ನೋಂದಣಿ ಸಂಖ್ಯೆಯೂ ತಾತ್ವಿಕವಾಗಿ ದೇಶಕ್ಕೆಲ್ಲ ಒಂದೇ. ಆದರೆ ಹೊಸ ಊರಿನಲ್ಲಿ ಹೊಸದಾಗಿ ಹೆಸರು ಬರೆಯುವುದು ಹಳೆಯದನ್ನು ಹುಡುಕುವುದಕ್ಕಿಂತ ಸುಲಭ.

ವ್ಯವಸ್ಥೆ ಸರಿಯಾಗುವವರೆಗೆ ಮನೆಯವರು ಮಾಡಬಹುದಾದ್ದು ಇಷ್ಟು: ಸೀಮಂತದ ಪಟ್ಟಿಯಲ್ಲಿ ಫೈಲನ್ನೂ ಸೇರಿಸುವುದು. ತಾಯಿ ಕಾರ್ಡಿನ ಎಲ್ಲ ಪುಟ, ಮೊದಲ ಸ್ಕ್ಯಾನಿಂಗ್, ರಕ್ತದ ಗುಂಪು, ಸಕ್ಕರೆಯ ಅಂಕಿ, ಹಿಂದಿನ ಸಿಸೇರಿಯನ್ ಆಗಿದ್ದರೆ ಅದರ ಡಿಸ್ಚಾರ್ಜ್ ಚೀಟಿ, ಎಲ್ಲದರ ಫೋಟೋ ತೆಗೆದು ಗಂಡನ, ಅಮ್ಮನ, ಅಣ್ಣನ ಮೊಬೈಲಿನಲ್ಲಿ ಇಡುವುದು. ಹೊಸ ಕೇಂದ್ರದಲ್ಲಿ ಹೊಸ ಕಾರ್ಡ್ ಬರೆಯುವಾಗ "ಸಿಸ್ಟರ್, ಮೂರನೇ ತಿಂಗಳಿನ ಬಿಪಿ ಇದು, ಇದನ್ನೂ ಬರ್ಕೊಳ್ಳಿ" ಎಂದು ಹೇಳುವುದಕ್ಕೆ ಸಂಕೋಚ ಬೇಡ.

ಇಲಾಖೆಗಳಿಗೂ ಇದು ದೊಡ್ಡ ಯೋಜನೆಯ ಕೆಲಸವಲ್ಲ. ಒಂದು ಬದಿಗೆ ಬಂಟ್ವಾಳ, ಪುತ್ತೂರು, ಸುಳ್ಯ, ಉಳ್ಳಾಲ. ಇನ್ನೊಂದು ಬದಿಗೆ ಮಂಜೇಶ್ವರ, ಕಾಸರಗೋಡು. ಈ ಆರು ತಾಲೂಕುಗಳ ಆರೋಗ್ಯಾಧಿಕಾರಿಗಳು ತಿಂಗಳಿಗೊಮ್ಮೆ, ಬೇಕಿದ್ದರೆ ಫೋನಿನಲ್ಲೇ, ಗಡಿ ದಾಟಿದ ಗರ್ಭಿಣಿಯರ ಪಟ್ಟಿಯನ್ನು ವಿನಿಮಯ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಪ್ರತಿ ತಿಂಗಳ 9ರಂದು ಎರಡೂ ರಾಜ್ಯಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣಾ ದಿನ ಹೇಗೂ ಇದೆ. ಅವತ್ತೇ ಪಟ್ಟಿ ಸಿದ್ಧಪಡಿಸಬಹುದು. ಎರಡೂ ಕಾರ್ಡುಗಳನ್ನು ಕನ್ನಡ-ಮಲಯಾಳ ಎರಡರಲ್ಲೂ ಮುದ್ರಿಸಬಹುದು, ಅಂಕಿಗಳಂತೂ ಎರಡರಲ್ಲೂ ಒಂದೇ. ಇನ್ನು ಆಶಾ ಭೇಟಿಯ ಆ 250 ರೂಪಾಯಿ: ಬಾಣಂತಿ ಮಧ್ಯದಲ್ಲಿ ಊರು ಬದಲಿಸಿದರೆ ಭೇಟಿಯ ಲೆಕ್ಕದಲ್ಲಿ ಇಬ್ಬರಿಗೂ ಹಂಚುವಂತೆ ಒಂದು ಆದೇಶ ಸಾಕು. ಅದಕ್ಕೆ ತಿರುವನಂತಪುರ ಮತ್ತು ಬೆಂಗಳೂರಿನಲ್ಲಿ ಒಂದೊಂದು ಸಹಿ ಬೀಳಬೇಕು.